ಕಡ್ಡಿ ಕಟ್ಟು ಬಿಚ್ಚುವುದೂ ಲೆಕ್ಕವೇ

ಪತ್ರ: ಮಗಳು ಮೂರನೇ ತರಗತಿ. ಗಣಿತದ ಪೀರಿಯಡ್‌ನಲ್ಲಿ ಕಡ್ಡಿ ಎಣಿಸಿ ಕಟ್ಟು ಕಟ್ಟಿಸುತ್ತಾರೆ, ಬಿಲ್ಲೆ ಜೋಡಿಸುತ್ತಾರೆ. ನೋಟ್‌ಬುಕ್ ನೋಡಿದರೆ ಖಾಲಿ. ಮಗ್ಗಿ ಬಾಯಿಪಾಠ ಮಾಡಿಸುವುದು ಬಿಟ್ಟು ಈ ಆಟವೆಲ್ಲ ಯಾಕೆ?

ಸಂಪಾದಕರ ಉತ್ತರ: ಮಗ್ಗಿ ಬಾಯಿಗೆ ಬರಬೇಕು, ಒಪ್ಪಿದೆ. ಏಳೆಂಟ್ಲ ಎಷ್ಟು ಅಂತ ಪ್ರತಿ ಸಲ ಬೆರಳು ಮಡಚುತ್ತ ಕೂತರೆ ಮುಂದಿನ ಲೆಕ್ಕ ಸಾಗುವುದಿಲ್ಲ. ಆದರೆ ನೀವು ಆಟ ಎಂದು ತಳ್ಳಿಹಾಕಿದ್ದರಲ್ಲೇ ಗಣಿತ ಇದೆ.

52ರಲ್ಲಿ 27 ಕಳೆಯಲು ಹೇಳಿ. ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. 2ರಲ್ಲಿ 7 ಹೋಗುವುದಿಲ್ಲವಲ್ಲ, ಅದಕ್ಕೆ 7ರಲ್ಲೇ 2 ಕಳೆದುಬಿಡುತ್ತಾರೆ. ‘ಪಕ್ಕದಿಂದ ಸಾಲ ತಗೋ’ ಎಂದು ಎಷ್ಟು ಸಲ ಹೇಳಿದರೂ ಯಾಕೆ ಅನ್ನುವುದು ತಲೆಗೆ ಹೋಗುವುದಿಲ್ಲ. ಅದೇ ಮಗುವಿನ ಮುಂದೆ ಹತ್ತತ್ತು ಕಡ್ಡಿಯ ಐದು ಕಟ್ಟು, ಬಿಡಿ ಕಡ್ಡಿ ಎರಡು ಇಡಿ. ಏಳು ತೆಗೆಯಬೇಕು, ಬಿಡಿ ಇರುವುದು ಎರಡೇ. ಮಗು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತದೆ. ಆಮೇಲೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ತೆಗೆಯುತ್ತದೆ. ಈಗ ಬಿಡಿ ಹನ್ನೆರಡು, ಕಟ್ಟು ನಾಲ್ಕು. ಬಿಡಿಯಲ್ಲಿ ಏಳು ಹೋಗಿ ಐದು, ಕಟ್ಟಿನಲ್ಲಿ ಎರಡು ಹೋಗಿ ಎರಡು. ಉಳಿದದ್ದು 25. ಆ ಬ್ಯಾಂಡ್ ತೆಗೆದ ಗಳಿಗೆ ಇದೆಯಲ್ಲ, ಸಾಲ ಅಂದರೆ ಏನು ಅಂತ ಗೊತ್ತಾಗುವುದು ಅಲ್ಲೇ. ಅದನ್ನು ಟೀಚರ್ ತಾವೇ ಬಿಚ್ಚಿ ತೋರಿಸಿದರೆ ಅರ್ಧ ಕೆಲಸ ಕೆಟ್ಟ ಹಾಗೆ.

ನಿಮ್ಮ ಮಗ್ಗಿಗೂ ಇದೇ ದಾರಿ. 12 ಚೌಕದ ಬಿಲ್ಲೆ ಕೊಟ್ಟು ಆಯತ ಮಾಡಲು ಹೇಳಿ. ಒಂದೇ ಸಾಲಿನಲ್ಲಿ ಇಡಬಹುದು, ಆರಾರು ಬಿಲ್ಲೆಯ ಎರಡು ಸಾಲು ಮಾಡಬಹುದು, ನಾಲ್ಕು ನಾಲ್ಕು ಬಿಲ್ಲೆಯ ಮೂರು ಸಾಲು ಮಾಡಬಹುದು. ಇನ್ನೊಂದು ಬಿಲ್ಲೆ ಸೇರಿಸಿ. 13 ಆದ ಕೂಡಲೇ ಏನು ಮಾಡಿದರೂ ಒಂದೇ ಸಾಲು! ಅವಿಭಾಜ್ಯ ಸಂಖ್ಯೆ ಎಂಬ ಹೆಸರು ಕೇಳುವ ಮೊದಲೇ ಮಗು ಅದನ್ನು ಕೈಯಾರೆ ಕಂಡಿರುತ್ತದೆ.

ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿ ರೋಮ್‌ನಲ್ಲಿ ಶಾಲೆ ತೆರೆದದ್ದು 1907ರಲ್ಲಿ. ಅವರ ಪದ್ಧತಿಯಲ್ಲಿ ಒಂದು ಅಂದರೆ ಒಂದು ಮಣಿ, ಸಾವಿರ ಅಂದರೆ ಮಣಿಗಳದ್ದೇ ದಪ್ಪ ಘನ. ಎತ್ತಿದರೆ ಭಾರ ಗೊತ್ತಾಗುತ್ತದೆ. ಬೆಲ್ಜಿಯಂನ ಮೇಷ್ಟ್ರು ಜಾರ್ಜ್ ಕ್ವಿಸನೇರ್ 1ರಿಂದ 10 ಸೆಂಟಿಮೀಟರ್‌ವರೆಗೆ ಬಣ್ಣಬಣ್ಣದ ಕೋಲು ಮಾಡಿದರು. ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ಕ್ರಮವೂ ಇದೇ: ಮೊದಲು ಕೈ, ಆಮೇಲೆ ಚಿತ್ರ, ಕೊನೆಗೆ ಅಂಕಿ. ನಾವೋ, ಮೂರನೆಯದಕ್ಕೇ ಹಾರುತ್ತೇವೆ. ಮಗು ಬಿದ್ದರೆ ‘ಇವಳಿಗೆ ಗಣಿತ ಹತ್ತಲ್ಲ’ ಅಂತ ಷರಾ ಬರೆಯುತ್ತೇವೆ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಎಷ್ಟೋ ಶಾಲೆಗಳಲ್ಲಿ ಈ ಸಾಮಾನೆಲ್ಲ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿರುತ್ತದೆ. ಕಳೆದುಹೋದರೆ ಲೆಕ್ಕ ಕೊಡಬೇಕು ಅನ್ನುವ ಭಯ. ಯಾರೋ ತಪಾಸಣೆಗೆ ಬಂದ ದಿನ ಮಾತ್ರ ಮೇಜಿನ ಮೇಲೆ ಬರುತ್ತದೆ. ಪರೀಕ್ಷೆಗೆ ಬೇಕಾದದ್ದು ಉತ್ತರ ಒಂದೇ. ಪೋಷಕರು ಎಣಿಸುವುದು ತುಂಬಿದ ಪುಟಗಳನ್ನು. ಇಷ್ಟರ ನಡುವೆ ಟೀಚರ್ ಒಬ್ಬರು ಧೈರ್ಯ ಮಾಡಿ ಮಕ್ಕಳ ಕೈಗೆ ಕಡ್ಡಿ ಕೊಟ್ಟಿದ್ದಾರೆ. ಅವರ ಮೇಲೆಯೇ ದೂರು ಬಂದರೆ ಹೇಗೆ, ನೀವೇ ಹೇಳಿ.

ಆ ಟೀಚರನ್ನು ಭೇಟಿ ಮಾಡಿ. ಕಡ್ಡಿಯಲ್ಲಿ ಮಾಡಿದ ಲೆಕ್ಕವನ್ನು ಜೊತೆಜೊತೆಗೇ ಅಂಕಿಯಲ್ಲೂ ಬರೆಸುತ್ತೀರಾ, ‘ಹೇಗೆ ಗೊತ್ತಾಯ್ತು’ ಅಂತ ಮಕ್ಕಳನ್ನು ಕೇಳುತ್ತೀರಾ ಎಂದು ವಿಚಾರಿಸಿ. ಇಲ್ಲ ಅಂದರೆ ಬರೆಸಿ ಅಂತ ಧಾರಾಳವಾಗಿ ಕೇಳಿ. ಕಡ್ಡಿ ಮಾತ್ರ ಕಿತ್ತುಕೊಳ್ಳಲು ಹೇಳಬೇಡಿ.