ಸುಣ್ಣದ ಗೋಡೆಯ ಮೇಲಿನ ತೇಪೆ ಎದ್ದು ಕಾಣದಿರಲು ಏನು ಮಾಡಬೇಕು?

ಪ್ರಶ್ನೆ: ನಮ್ಮ ಹಜಾರದ ಗಾರೆ ಗೋಡೆಗೆ ತಿಳಿ ಕಾವಿ ಬೆರೆಸಿದ ಸುಣ್ಣ ಬಳಿಸಿದ್ದೇವೆ. ಗೋಡೆಗೆ ಹೊಡೆದಿದ್ದ ಕಪಾಟನ್ನು ತೆಗೆಯುವಾಗ ಅಂಗೈ ಅಗಲದಷ್ಟು ಗಾರೆ ಕಿತ್ತುಬಂತು. ಅಲ್ಲಿಗೆ ಅಂಗಡಿಯ ಪುಟ್ಟಿ ತುಂಬಿ, ಉಳಿದಿದ್ದ ಸುಣ್ಣವನ್ನೇ ಹಚ್ಚಿದೆವು. ಈಗ ಅಷ್ಟು ಭಾಗ ಬೇರೆಯೇ ಬಣ್ಣವಾಗಿ ಕಾಣುತ್ತದೆ, ಮುಟ್ಟಿದರೆ ಕೈಗೆ ಪುಡಿ ಅಂಟುತ್ತದೆ. ಇದನ್ನು ಸರಿಪಡಿಸುವುದು ಹೇಗೆ?

ಉತ್ತರ: ತೊಂದರೆ ಇರುವುದು ಬಣ್ಣದಲ್ಲಲ್ಲ, ಪುಟ್ಟಿಯಲ್ಲಿ. ಎಮಲ್ಷನ್ ಬಣ್ಣ ಗೋಡೆಯ ಮೇಲೆ ಪೊರೆಯಾಗಿ ಕೂರುತ್ತದೆ. ಸುಣ್ಣ ಹಾಗಲ್ಲ, ಗಾರೆಯೊಳಕ್ಕೆ ಇಳಿದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಪುಟ್ಟಿಯಲ್ಲಿರುವ ಅಂಟು ನೀರನ್ನು ಒಳಬಿಡದ ಕಾರಣ ಸುಣ್ಣ ಮೇಲೆಯೇ ಉಳಿದು ಪುಡಿಯಾಗಿದೆ. ಗೋಡೆ ಎಷ್ಟು ನೀರು ಕುಡಿಯುತ್ತದೆ ಎಂಬುದರ ಮೇಲೆ ಬಣ್ಣದ ಛಾಯೆಯೂ ಬದಲಾಗುವುದರಿಂದ, ಎಷ್ಟು ಸಲ ಬಳಿದರೂ ಆ ಭಾಗ ಹೊಂದಿಕೊಳ್ಳುವುದಿಲ್ಲ.

ಆದ್ದರಿಂದ ಪುಟ್ಟಿಯನ್ನು ಪೂರ್ತಿ ಕೆತ್ತಿ ತೆಗೆಯಿರಿ. ಸುತ್ತಲಿನ ಗಾರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬರುವಷ್ಟನ್ನೂ ಬಿಡಿಸಿ, ಧೂಳು ಗುಡಿಸಿ, ನೀರು ಚಿಮುಕಿಸಿ ಚೆನ್ನಾಗಿ ನೆನೆಸಬೇಕು. ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು ಸೇರಿಸಿದ ಗಾರೆಯನ್ನು ತುಂಬಿ. ಗುಂಡಿ ಆಳವಿದ್ದರೆ ಒಂದೇ ಸಲಕ್ಕೆ ತುಂಬದೆ ಪದರ ಪದರವಾಗಿ ತುಂಬಿ. ಸಿಮೆಂಟ್ ಬೆರೆಸುವ ಆಸೆ ಬೇಡ, ಏಕೆಂದರೆ ಅದೂ ಸುತ್ತಲಿನ ಗಾರೆಯಂತೆ ನೀರು ಹೀರುವುದಿಲ್ಲ. ಮೇಲ್ಮೈಯನ್ನು ಕಬ್ಬಿಣದ ಕರಣೆಯಿಂದ ನುಣ್ಣಗೆ ಉಜ್ಜದೆ, ಹಳೆಯ ಗೋಡೆಯಷ್ಟೇ ತರಿಯಾಗಿ ಬಿಡಿ. ಹೆಚ್ಚಿನವರು ಎಡವುವುದು ಇಲ್ಲಿಯೇ: ನುಣುಪಾದ ತೇಪೆ ಬಣ್ಣ ಹೊಂದಿಕೊಂಡ ಮೇಲೂ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಕೆಲವು ದಿನ ತೇವ ಆರದಂತೆ ನೋಡಿಕೊಂಡು, ಗಾರೆ ಗಟ್ಟಿಯಾದ ಮೇಲೆ ಸುಣ್ಣ ಬಳಿಯಿರಿ.

ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳುವಾಗಿಸಿಕೊಳ್ಳಿ. ಬಣ್ಣದ ಪುಡಿ ತಳಕ್ಕಿಳಿಯುವುದರಿಂದ ಆಗಾಗ ಕಲಕುತ್ತಿರಬೇಕು. ಗೋಡೆಯ ಮೇಲೆ ನೀರು ಹರಿದು ಇಳಿಯದಷ್ಟು ಮಾತ್ರ ಒದ್ದೆ ಮಾಡಿ, ಮೊದಲು ತೇಪೆಗಷ್ಟೇ ಎರಡು ಕೈ ಬಳಿದು, ನಡುವೆ ಒಂದು ದಿನ ಬಿಡಿ. ಹಸಿಯಿದ್ದಾಗ ಅದು ಬರಿ ನೀರು ಬಳಿದಂತೆ ಕಾಣುತ್ತದೆ. ಒಣಗುತ್ತಾ ಬಂದಂತೆ ಬಿಳುಪೇರಿ ಗೋಡೆಯನ್ನು ಮುಚ್ಚುತ್ತದೆ. ಆ ಹೊತ್ತಿನಲ್ಲಿ ತಾಳ್ಮೆಗೆಟ್ಟು ಸುಣ್ಣವನ್ನು ಮಂದಮಾಡಿದರೆ ಅದು ಬಿರುಕುಬಿಟ್ಟು ಚಕ್ಕೆ ಏಳುತ್ತದೆ.

ಕೊನೆಯ ಕೈಯನ್ನು ಮಾತ್ರ ತೇಪೆಗಷ್ಟೇ ನಿಲ್ಲಿಸಬೇಡಿ. ಇಡೀ ಗೋಡೆಗೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ, ಬಳಿದ ಅಂಚು ಆರುವ ಮುನ್ನ ಮುಂದುವರಿಸುತ್ತಾ ಬಳಿಯಿರಿ. ಇದು ಹೆಚ್ಚಿನ ಕೆಲಸವೆನಿಸಬಹುದು, ಆದರೆ ಗೋಡೆಯ ನಡುಭಾಗದಲ್ಲಷ್ಟೇ ಕಾಣದಂತೆ ತೇಪೆ ಹಚ್ಚುವ ವಿಧಾನ ಸುಣ್ಣಕ್ಕೆ ಒಗ್ಗಿದ್ದಲ್ಲ. ಹೊಸದಾಗಿ ಬಣ್ಣ ಕಲಸುವುದಾದರೆ ಕಾವಿ, ಹಳದಿ ಮಣ್ಣಿನಂಥ ಕಬ್ಬಿಣದ ಆಕ್ಸೈಡ್ ಬಣ್ಣಗಳನ್ನೇ ಬಳಸಿ. ಸುಣ್ಣದ ಕ್ಷಾರಕ್ಕೆ ಅನೇಕ ಬೇರೆ ಬಣ್ಣಗಳು ಮಾಸುತ್ತವೆ. ಗೋಡೆಯ ಮರೆಯಾದ ಮೂಲೆಯೊಂದರಲ್ಲಿ ಬಳಿದು, ಪೂರ್ತಿ ಒಣಗಿದ ಮೇಲಷ್ಟೇ ಛಾಯೆಯನ್ನು ಹೋಲಿಸಿ ನೋಡಿ. ಹಸಿ ಸುಣ್ಣ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ಗಂಭೀರ ಹಾನಿಯಾಗುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳದೆ ಕುಂಚ ಹಿಡಿಯಬೇಡಿ.