ಹುಲ್ಲುಗಾವಲಿಗೆ ಬೆಂಕಿ ಹಾಕಿದ ದಿನಗಳ ಅಂಕಿಗಳನ್ನು ತೆಗೆದುಹಾಕಿದರೆ ಸಾಕೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಅಮೆರಿಕದ ಕಾನ್ಸಸ್ ರಾಜ್ಯದ ಫ್ಲಿಂಟ್ ಹಿಲ್ಸ್ ಸೀಮೆಯ ಒಂದು ಮಾಪನ ಕೇಂದ್ರದ ಗಾಳಿ, ಮಣ್ಣು ಹಾಗೂ ಇಂಗಾಲದ ಹತ್ತು ವರ್ಷಗಳ ದತ್ತಾಂಶ ನಿಮ್ಮ ಬಳಿ ಇದೆ, ಪ್ರತಿ ವಸಂತದಲ್ಲಿ ಪ್ರೇರಿ (ಮರಗಳು ವಿರಳವಾದ ವಿಶಾಲ ಹುಲ್ಲು ಬಯಲು) ಹುಲ್ಲಿಗೆ ನಿಯಂತ್ರಿತ ಬೆಂಕಿ ಹಾಕಿದ ದಿನಗಳಲ್ಲಿ ಅಂಕಿಗಳು ವಿಪರೀತವಾಗಿ ಏರಿಳಿಯುತ್ತವೆ, ಆ ದಿನಗಳನ್ನಷ್ಟೇ ತೆಗೆದುಹಾಕಿ ಉಳಿದದ್ದನ್ನು ಬಳಸಬಹುದೇ ಎಂದು ಕೇಳಿದ್ದೀರಿ. ಇಂಥ ದತ್ತಾಂಶವನ್ನು ಕೆಲವು ವರ್ಷ ಪರಿಶೀಲಿಸಿದ ಅನುಭವದಿಂದ ಹೇಳುವುದಾದರೆ, ಅದು ಸಾಲದು. ಮೇಲಾಗಿ, ಕೆಲವು ಕಡೆ ಅದರಿಂದ ಹಾನಿಯೇ ಆಗುತ್ತದೆ. ಬೆಂಕಿಯ ದಿನದ ಅಂಕಿಗಳಲ್ಲಿ ಕೆಲವು ನಿಜವಾದವು, ಕೆಲವು ಉಪಕರಣ ಮೋಸಹೋಗಿ ಕೊಟ್ಟವು. ಆದರೆ ಬೆಂಕಿಯ ಪರಿಣಾಮದ ಬಹುಪಾಲು ಅಡಗಿರುವುದು ನೀವು ಶುದ್ಧವೆಂದು ನಂಬಿ ಉಳಿಸಿಕೊಳ್ಳಲಿರುವ ಮುಂದಿನ ವಾರಗಳಲ್ಲಿ.

ಆ ಸೀಮೆಯಲ್ಲಿ ಬೆಂಕಿ ಮಳೆ, ಚಳಿಗಳಂತೆ ವರ್ಷದ ವಾಡಿಕೆ. ದನಗಳಿಗೆ ಎಳೆ ಹುಲ್ಲು ಚಿಗುರಲೆಂದೂ, ಕೆಂಪು ಸೀಡರ್ ಮರಗಳು ಹಬ್ಬಿ ಹುಲ್ಲನ್ನು ನುಂಗದಿರಲೆಂದೂ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಬೆಂಕಿ ಹಾಕುತ್ತಾರೆ. ಹಲವು ವರ್ಷಗಳಲ್ಲಿ, ಆಯಾ ವರ್ಷ ಸುಟ್ಟ ನೆಲವೇ 20 ಲಕ್ಷ ಎಕರೆಯನ್ನು ಮೀರುತ್ತದೆ. ಪಶುಪಾಲಕರು ಬರುವುದಕ್ಕೂ ಬಹಳ ಹಿಂದೆ ಅಲ್ಲಿನ ಮೂಲನಿವಾಸಿಗಳಾದ ಕಾ ಮತ್ತು ಓಸೇಜ್ ಜನರು ಇದನ್ನು ಮಾಡುತ್ತಿದ್ದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲದ ಒಣ ತರಗಿಗೆ ಹಾಕುತ್ತಿದ್ದ ‘ತರಗು ಬೆಂಕಿ’ಯ ವಿಚಾರ ಕೇಳಿದವರಿಗೆ ಇದು ತೀರಾ ಅಪರಿಚಿತವೆನಿಸದು. ಹೀಗಿರುವಾಗ ಬೆಂಕಿಯಿಲ್ಲದ ವರ್ಷವೊಂದನ್ನು ಅಲ್ಲಿನ ‘ಸಹಜ ಸ್ಥಿತಿ’ ಎಂದು ಕಲ್ಪಿಸಿಕೊಂಡರೆ ಮೊದಲ ಹೆಜ್ಜೆಯಲ್ಲೇ ಎಡವಿದಂತೆ.

ಮೊದಲು ಗಾಳಿಯ ವಿಚಾರ. ಅದರಲ್ಲೂ ಓಜೋನ್, ಏಕೆಂದರೆ ಅತ್ಯಂತ ಸೂಕ್ಷ್ಮವಾದ ತಪ್ಪು ನಡೆಯುವುದು ಅಲ್ಲಿ. ಸಾಮಾನ್ಯ ಓಜೋನ್ ಮಾಪಕವು 254 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕನ್ನು ಗಾಳಿಯ ಮೂಲಕ ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತು ಎಂಬುದನ್ನು ಓಜೋನ್ ತೆಗೆದ ಗಾಳಿಯೊಡನೆ ಹೋಲಿಸುತ್ತದೆ. ಹೊಗೆಯಲ್ಲಿರುವ ಕೆಲವು ಸಾವಯವ ಅನಿಲಗಳೂ ಅದೇ ಬೆಳಕನ್ನು ಹೀರುತ್ತವೆ, ಮತ್ತು ಓಜೋನ್ ತೆಗೆಯುವ ಶೋಧಕವು ಅವುಗಳಲ್ಲಿ ಒಂದಷ್ಟನ್ನೂ ಹಿಡಿದುಬಿಡುತ್ತದೆ. ಆದ್ದರಿಂದ ಎರಡು ಅಳತೆಗಳ ವ್ಯತ್ಯಾಸವನ್ನೆಲ್ಲ ಉಪಕರಣ ಓಜೋನ್ ಎಂದೇ ಬರೆಯುತ್ತದೆ. ಆಗತಾನೇ ಎದ್ದ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ನಿಜವಾದ ಓಜೋನನ್ನು ಕಡಿಮೆ ಮಾಡುತ್ತಿರುವ ಗಳಿಗೆಯಲ್ಲೇ ನಿಮ್ಮ ಓಜೋನ್ ರೇಖಾನಕ್ಷೆ ಮೇಲಕ್ಕೇರುತ್ತಿರಬಹುದು. ಹಾಗೆಂದು ಏಪ್ರಿಲ್‌ನ ಓಜೋನ್ ಏರಿಕೆಯೆಲ್ಲ ಸುಳ್ಳೂ ಅಲ್ಲ. ಹೊಗೆ ಬಿಸಿಲಿನಲ್ಲಿ ಗಂಟೆಗಟ್ಟಲೆ ಸಾಗಿ ನಗರಗಳನ್ನು ತಲುಪುವ ಹೊತ್ತಿಗೆ ಅದರಲ್ಲಿ ಓಜೋನ್ ನಿಜವಾಗಿಯೇ ಹುಟ್ಟಿರುತ್ತದೆ. 2003ರ ಏಪ್ರಿಲ್‌ನಲ್ಲಿ ಕಾನ್ಸಸ್ ಸಿಟಿಯಲ್ಲಿ ಕಂಡ ಏರಿಕೆಯಂಥವುಗಳ ಹಿನ್ನೆಲೆಯಲ್ಲೇ 2010ರಲ್ಲಿ ಫ್ಲಿಂಟ್ ಹಿಲ್ಸ್ ಹೊಗೆ ನಿರ್ವಹಣಾ ಯೋಜನೆ ರೂಪುಗೊಂಡಿತು. ನಿಮ್ಮ ಕೇಂದ್ರ ಬೆಂಕಿಯ ಪಕ್ಕದಲ್ಲೇ ಇದ್ದು, ಓಜೋನ್ ಅಂಕಿ ಹೊಗೆಯ ಗುರುತಾದ ಕಾರ್ಬನ್ ಮಾನಾಕ್ಸೈಡಿನ ಅಂಕಿಯ ಜೊತೆಜೊತೆಗೆ ನಿಮಿಷ ನಿಮಿಷವೂ ಕುಣಿಯುತ್ತಿದ್ದರೆ ಮೊದಲು ಉಪಕರಣವನ್ನು ಶಂಕಿಸಿ.

ಸೂಕ್ಷ್ಮ ಕಣಗಳ (ಪಿಎಂ 2.5) ಏರಿಕೆ ಬಹುಮಟ್ಟಿಗೆ ನಿಜ. ಆದರೆ ಬೆಳಕಿನ ಚದುರುವಿಕೆಯಿಂದ ಅಳೆಯುವ ಅಗ್ಗದ ಸೆನ್ಸರ್‌ಗಳು ಹೊಗೆಯಲ್ಲಿ ಅದನ್ನು ಬಹಳ ಹೆಚ್ಚಾಗಿ ತೋರಿಸುತ್ತವೆ. ತಿದ್ದುಪಡಿ ಸೂತ್ರವಿಲ್ಲದೆ ಅವನ್ನು ಬಳಸಬೇಡಿ. ಸರಾಸರಿಯ ಅವಧಿಯನ್ನೂ ಗಮನಿಸಿ: ಅಲ್ಲಿನ ದೈನಿಕ ಮಿತಿ ಘನ ಮೀಟರಿಗೆ 35 ಮೈಕ್ರೋಗ್ರಾಂ, ಮತ್ತು ಆ ಸರಾಸರಿಯನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ತೆಗೆಯುತ್ತಾರೆ. ಸಂಜೆ ಹಾಕಿದ ಬೆಂಕಿಯ ಹೊಗೆ ರಾತ್ರಿಯ ತಂಪಿನಲ್ಲಿ ತಗ್ಗಿನ ಜಾಗಗಳಿಗೆ ಇಳಿದು ಕೂತಾಗ ಒಂದೇ ಘಟನೆ ಎರಡು ದಿನಗಳ ಲೆಕ್ಕಕ್ಕೆ ಹಂಚಿಹೋಗಿ, ಎರಡೂ ದಿನ ಸಾಧಾರಣವಾಗಿದ್ದಂತೆ ಕಾಣಬಹುದು.

ಇನ್ನು ನೆಲದ ವಿಚಾರ. ಹುಲ್ಲಿನ ಬೆಂಕಿ ಓಡುವ ಬೆಂಕಿ. ಮೇಲ್ಮೈಯಲ್ಲಿ ಶಾಖ ನೂರಾರು ಡಿಗ್ರಿ ಮುಟ್ಟಿದರೂ ಕೆಲವೇ ಸೆಂಟಿಮೀಟರ್ ಕೆಳಗಿನ ಮಣ್ಣಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಹೀಗಾಗಿ ಮಣ್ಣಿನ ತಾಪಮಾಪಕ ಬೆಂಕಿಯ ದಿನ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಆಮೇಲೆ ಶುರುವಾಗುತ್ತದೆ ಬದಲಾವಣೆ: ಒಣ ಹುಲ್ಲಿನ ಹೊದಿಕೆ ಹೋಗಿ, ನೆಲ ಕಪ್ಪಾಗಿ, ಬಿಸಿಲು ನೇರವಾಗಿ ಬಿದ್ದು ಹಗಲಿನ ಮಣ್ಣು ಹೆಚ್ಚು ಬಿಸಿಯಾಗುತ್ತದೆ, ಮೇಲ್ಪದರ ಬೇಗ ಆರುತ್ತದೆ, ಬೇರಿನ ಚಟುವಟಿಕೆ ಮುಂಚೆಯೇ ಆರಂಭವಾಗುತ್ತದೆ. ನೆಲ ಎಷ್ಟು ಹಸಿರಾಗಿದೆ ಎಂದು ತೋರಿಸುವ ಉಪಗ್ರಹದ ಹಸಿರು ಸೂಚ್ಯಂಕ ಮೊದಲು ಕುಸಿದು, ಹಳೆಯ ತರಗು ಅಡ್ಡವಿಲ್ಲದ ಕಾರಣ ಕೆಲವೇ ವಾರಗಳಲ್ಲಿ ಸುಡದ ನೆಲದ ಸೂಚ್ಯಂಕವನ್ನೂ ಮೀರಬಹುದು. ಇದ್ಯಾವುದೂ ದೋಷವಲ್ಲ.

ನಾನು ತಪ್ಪು ಮಾಡಿದ್ದು ಇಲ್ಲೇ. ಗಾಳಿಯ ಸುಳಿಗಳಿಂದ ಇಂಗಾಲದ ವಿನಿಮಯ ಅಳೆಯುವ ಗೋಪುರವೊಂದರ ದತ್ತಾಂಶದಲ್ಲಿ ಬೆಂಕಿಯ ಎರಡು ದಿನಗಳನ್ನು ಅಳಿಸಿ, ಖಾಲಿ ಜಾಗವನ್ನು ಹಿಂದಿನ ಮತ್ತು ಮುಂದಿನ ಏಳೇಳು ದಿನಗಳ ಸರಾಸರಿಯಿಂದ ತುಂಬಿಸಿದ್ದೆ. ಹಿಂದಿನ ವಾರ ಅಲ್ಲಿದ್ದದ್ದು ಒಣ ಹುಲ್ಲು ನಿಂತ ನೆಲ, ಮುಂದಿನ ವಾರ ಬೋಳು ಕಪ್ಪು ನೆಲ; ಎರಡನ್ನೂ ಕಲಸಿ, ಎಲ್ಲೂ ಇಲ್ಲದ ಮೂರನೆಯ ನೆಲವೊಂದನ್ನು ನಾನು ಸೃಷ್ಟಿಸಿದ್ದೆ. ಇದಕ್ಕಿಂತ ದೊಡ್ಡ ಲೋಪ ವಾರ್ಷಿಕ ಲೆಕ್ಕದಲ್ಲಿತ್ತು. ಉರಿದುಹೋದ ಹುಲ್ಲಿನ ಇಂಗಾಲವನ್ನು ಗೋಪುರ ಸರಿಯಾಗಿ ಅಳೆಯಲಾರದು, ಅಳೆದ ಅಷ್ಟಿಷ್ಟನ್ನೂ ಅತಿರೇಕದ ಅಂಕಿಗಳನ್ನು ಸೋಸುವ ಪ್ರೋಗ್ರಾಂ ಎಸೆದುಬಿಡುತ್ತದೆ. ಹಾಗಾಗಿ ಆ ಹುಲ್ಲುಗಾವಲು ವರ್ಷವಿಡೀ ಇಂಗಾಲವನ್ನು ಕೂಡಿಟ್ಟಂತೆ ನನ್ನ ಕೋಷ್ಟಕ ಹೇಳುತ್ತಿತ್ತು. ಕೂಡಿಟ್ಟದ್ದರಲ್ಲಿ ದೊಡ್ಡ ಪಾಲು ಒಂದೇ ಮಧ್ಯಾಹ್ನ ಹೊಗೆಯಾಗಿ ಹೋದದ್ದು ಅದರಲ್ಲಿರಲಿಲ್ಲ. ಬೆಂಕಿಗೆ ಮುನ್ನ ಚಿಕ್ಕ ಚೌಕಗಳಲ್ಲಿ ಹುಲ್ಲು ಕೊಯ್ದು ಒಣಗಿಸಿ ತೂಗಿದ ದಾಖಲೆ ಇದ್ದರೆ ಈ ಬಾಬತ್ತನ್ನು ಪ್ರತ್ಯೇಕವಾಗಿ ಸೇರಿಸಬಹುದು. ಒಣ ಹುಲ್ಲಿನ ತೂಕದಲ್ಲಿ ಇಂಗಾಲ ಅರ್ಧಕ್ಕಿಂತ ತುಸು ಕಡಿಮೆ.

ಹಾಗಾದರೆ ಏನು ಮಾಡಬೇಕು? ಯಾವ ಸಾಲನ್ನೂ ಅಳಿಸದೆ, ಪಕ್ಕದಲ್ಲಿ ಒಂದು ಗುರುತಿನ ಕಾಲಂ ಸೇರಿಸಿ: ಹೊಗೆಯ ಗಂಟೆಗಳು, ಉಪಕರಣದ ಶಂಕಿತ ಗಂಟೆಗಳು, ಬೆಂಕಿಯಾಗಿ ಎಷ್ಟು ದಿನವಾಯಿತು ಎಂಬ ಎಣಿಕೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಮಾಡುವುದು ಇದನ್ನೇ. ಅಸಾಧಾರಣ ಘಟನೆಗಳ ನಿಯಮದಡಿ ಹೊಗೆಯ ದಿನವೊಂದನ್ನು ಮಿತಿಮೀರಿದ ದಿನಗಳ ಲೆಕ್ಕದಿಂದ ಬಿಡಲು ಒಪ್ಪಿದರೂ ಆ ಅಂಕಿ ಗುರುತಿನೊಂದಿಗೆ ಕಡತದಲ್ಲೇ ಉಳಿಯುತ್ತದೆ. ಖಾಲಿ ಜಾಗ ತುಂಬುವ ಲೆಕ್ಕ ಬೆಂಕಿಯ ದಿನವನ್ನು ದಾಟದಂತೆ, ಹಿಂದಿನದಕ್ಕೂ ಮುಂದಿನದಕ್ಕೂ ಬೇರೆ ಬೇರೆಯಾಗಿ ನಡೆಸಿ.

ಹೋಲಿಕೆಗೆ ಸುಡದ ನೆಲವೊಂದು ಬೇಕು, ಮತ್ತು ಆ ವಿಷಯದಲ್ಲಿ ನೀವು ಅದೃಷ್ಟವಂತರು. ಅದೇ ಸೀಮೆಯ ಕೊಂಜಾ ಪ್ರೇರಿ ಸಂಶೋಧನಾ ಕೇಂದ್ರದಲ್ಲಿ 1980ರ ದಶಕದಿಂದಲೂ ಇಡೀ ಜಲಾನಯನಗಳನ್ನೇ 1, 2, 4, 20 ವರ್ಷಗಳ ಅಂತರದಲ್ಲಿ ಸುಡುತ್ತಾ ಅಳೆಯುತ್ತಿದ್ದಾರೆ. ಜಲಾನಯನದ ಹೆಸರಿನ ಮೊದಲ ಅಂಕಿಯೇ ಆ ಅಂತರ, ಉದಾಹರಣೆಗೆ 1ಡಿ, 4ಬಿ, 20ಬಿ. ಅಲ್ಲಿನ ದತ್ತಾಂಶ ಸಾರ್ವಜನಿಕವಾಗಿ ಸಿಗುತ್ತದೆ. ನಿಮ್ಮ ಕೇಂದ್ರದವರ ಬಳಿ ಬೆಂಕಿಯ ದಿನಚರಿ ಕೇಳುವಾಗ ದಿನಾಂಕದ ಜೊತೆಗೆ ಹಚ್ಚಿದ ಗಂಟೆಯನ್ನೂ ಗಾಳಿಯ ದಿಕ್ಕನ್ನೂ ಕೇಳಿ. ದಿನಚರಿ ಇಲ್ಲದಿದ್ದರೆ ಉರಿಯುವ ಜಾಗಗಳನ್ನು ಉಪಗ್ರಹ ಗುರುತಿಸಿ ತೋರಿಸುವ ಬೆಂಕಿ ಚುಕ್ಕೆಗಳನ್ನಷ್ಟೇ ನೆಚ್ಚಬೇಡಿ. ಮೋಡವಿದ್ದರೆ ಅಥವಾ ಉಪಗ್ರಹ ಹಾದುಹೋದ ಮೇಲೆ ಹಚ್ಚಿ ಮುಗಿಸಿದ ಬೆಂಕಿಯಾಗಿದ್ದರೆ ಅವು ತಪ್ಪಿಹೋಗುತ್ತವೆ. ಸುಟ್ಟ ಕಲೆಯನ್ನು ಹುಡುಕುವುದಾದರೆ ಮೊದಲ ಎರಡು ವಾರಗಳ ಚಿತ್ರಗಳಲ್ಲೇ ಹುಡುಕಿ, ಆಮೇಲೆ ಚಿಗುರು ಅದನ್ನು ಮುಚ್ಚಿಬಿಡುತ್ತದೆ.