ಒಳ್ಳೆ ಸಂಬಳ, ಸ್ವಂತ ಮನೆ ಆದರೆ ಜೀವನದಲ್ಲಿ ತೃಪ್ತಿ ಸಿಗುತ್ತಾ?

ಎಷ್ಟು ಸಂಬಳ ಬಂದರೆ ಸಾಕು, ಸ್ವಂತ ಮನೆ ಆದರೆ ತೃಪ್ತಿ ಸಿಗುತ್ತಾ ಅಂತ ಕೇಳಿದ್ದೀರಿ. ಬಾಡಿಗೆ ಮನೆ ಬಿಟ್ಟು ಸ್ವಂತದ್ದು ಆಗಿಬಿಟ್ಟರೆ ನೆಮ್ಮದಿ ಅಂತ ನಾನೂ ನಿಮ್ಮ ಹಾಗೇ ನಂಬಿದ್ದೆ. ಆಗ ಬೆಂಗಳೂರಿನ ಹನುಮಂತನಗರದಲ್ಲಿ ಎರಡು ರೂಮಿನ ಹಳೇ ಮನೆ. ಮಳೆ ಬಂದರೆ ಅಡುಗೆಮನೆ ಗೋಡೆ ಒದ್ದೆ. ಆಫೀಸು ಜಯನಗರದಲ್ಲಿ. ಕತ್ತಲಾಗುವ ಮುಂಚೆ ಮನೆ ಸೇರುತ್ತಿದ್ದೆ. ಕಾಫಿ ಕುಡಿದು ಮಗಳನ್ನು ಕರ್ಕೊಂಡು ಗಾಂಧಿ ಬಜಾರಿಗೆ ಸೊಪ್ಪು ತರೋಕೆ ಹೋಗೋದು, ಬಂದು ಗೆಳೆಯರ ಜೊತೆ ಶಟಲ್ ಆಡೋದು. ಇದೆಲ್ಲ ಸುಖ ಅಂತ ಯಾರು ಲೆಕ್ಕ ಹಿಡೀತಾರೆ?

ಸಂಬಳ ಏರಿತು. ಸಾಲವೂ ಸಿಕ್ಕಿತು. ಸರ್ಜಾಪುರ ರಸ್ತೆಯಲ್ಲಿ, ದೊಮ್ಮಸಂದ್ರದ ಹತ್ತಿರ ಮೂರು ಬೆಡ್‌ರೂಮಿನ ಫ್ಲಾಟ್ ತಗೊಂಡೆವು.

ಎಡವಿದ್ದು ಎಲ್ಲಿ ಅಂದರೆ, ಫ್ಲಾಟ್ ನೋಡೋಕೆ ಹೋಗಿದ್ದೆಲ್ಲ ಭಾನುವಾರ ಬೆಳಗ್ಗೆ. ರಸ್ತೆ ಖಾಲಿ, ದಾರಿಯಲ್ಲಿ ಮಸಾಲೆ ದೋಸೆ, ಎಲ್ಲರೂ ಖುಷಿ. ಎಕ್ಸೆಲ್ ಶೀಟಿನಲ್ಲಿ ಇಎಂಐ, ನೋಂದಣಿ ಖರ್ಚು, ಮೇಂಟೆನೆನ್ಸ್, ಕೊನೆಗೆ ಕರ್ಟನ್ ಬಟ್ಟೆಯ ತನಕ ಬರೆದಿದ್ದೆ. ಪೆಟ್ರೋಲಿಗೂ ಒಂದು ಸಾಲು ಇತ್ತು. ದಾರಿಯಲ್ಲಿ ಕಳೆಯುವ ಸಮಯಕ್ಕೆ ಮಾತ್ರ ಸಾಲು ಇರಲಿಲ್ಲ. "ಒಂದ್ಸಲ ಸೋಮವಾರ ಹೋಗಿ ನೋಡೋಣ್ವಾ?" ಅಂತ ಹೆಂಡತಿ ಕೇಳಿದ್ದಳು. "ಮೆಟ್ರೊ ಬರುತ್ತೆ ಬಿಡು" ಅಂದೆ. ಹಳದಿ ಮಾರ್ಗ ಸಿಲ್ಕ್ ಬೋರ್ಡಿಗೆ ಬಂದದ್ದು 2025ರ ಆಗಸ್ಟಿನಲ್ಲಿ. ಅದೂ ಹೋಗೋದು ಬೊಮ್ಮಸಂದ್ರಕ್ಕೆ, ನಮ್ಮ ಕಡೆಗಲ್ಲ! ದಿನಾ ಇಬ್ಬಲೂರು, ಅಗರ, ಸಿಲ್ಕ್ ಬೋರ್ಡ್ ದಾಟಿ ಜಯನಗರ. ಸಂಜೆ ಮತ್ತೆ ಅದೇ. ನಾನು ಬಾಗಿಲು ತೆಗೆಯುವಾಗ ಮಗಳು ಮಲಗಿರುತ್ತಿದ್ದಳು. ಶಟಲ್ ಗೆಳೆಯರು ಮೊದಮೊದಲು ಫೋನ್ ಮಾಡುತ್ತಿದ್ದರು, ಆಮೇಲೆ ಬೇರೆ ಜೋಡಿ ಹುಡುಕಿಕೊಂಡರು.

ಮೂರನೇ ಬೆಡ್‌ರೂಮಿನ ಖುಷಿ ದೀಪಾವಳಿ ತನಕ ಇತ್ತು. ಆಮೇಲೆ ಅಲ್ಲಿ ಇಸ್ತ್ರಿಗೆ ಹಾಕಬೇಕಾದ ಬಟ್ಟೆ ರಾಶಿ. ದೊಡ್ಡ ಮನೆಗೆ ಬೇಗ ಒಗ್ಗಿಬಿಡುತ್ತೇವೆ, ಟ್ರಾಫಿಕ್ಕಿಗೆ ಒಗ್ಗೋದೇ ಇಲ್ಲ. ಇದು ನನ್ನೊಬ್ಬನ ಗೋಳಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ತಂಡ ಅಮೆರಿಕದ ಟೆಕ್ಸಾಸಿನ 909 ದುಡಿಯುವ ಹೆಂಗಸರಿಂದ ಹಿಂದಿನ ದಿನ ಏನೇನು ಮಾಡಿದಿರಿ, ಆಗ ಹೇಗನಿಸಿತು ಅಂತ ಬರೆಸಿ 2004ರಲ್ಲಿ ಪ್ರಕಟಿಸಿತು. ಬೆಳಗ್ಗೆ ಕೆಲಸಕ್ಕೆ ಹೋಗುವ ಪ್ರಯಾಣ ಖುಷಿ ಕೊಡುವ ಕೆಲಸಗಳ ಪಟ್ಟಿಯ ತಳದಲ್ಲಿತ್ತು. ಬ್ರೂನೊ ಫ್ರೈ, ಅಲೋಯಿಸ್ ಸ್ಟುಟ್ಜರ್ ಅನ್ನೋ ಅರ್ಥಶಾಸ್ತ್ರಜ್ಞರು ಜರ್ಮನಿಯಲ್ಲಿ ಕಂಡದ್ದೂ ಇದೇ: ದೂರದಿಂದ ಓಡಾಡುವವರ ತೃಪ್ತಿ ಕಡಿಮೆ, ಹೆಚ್ಚಿನ ಸಂಬಳವಾಗಲಿ ಒಳ್ಳೆ ಮನೆಯಾಗಲಿ ಆ ನಷ್ಟ ತುಂಬಿಕೊಡಲ್ಲ.

ಹಾಗಂತ ದುಡ್ಡು ಬೇಡ ಅಂತ ವೇದಾಂತ ಹೇಳ್ತಿಲ್ಲ. ದುಡ್ಡು ಬೇಕು. ಮನೆ ಬಾಡಿಗೆಗೆ ಪರದಾಡಿದವರಿಗೆ ಅದು ಗೊತ್ತು. ಆದರೆ "ಎಷ್ಟು ಸಂಬಳ ಬಂದರೆ ಸಾಕು" ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಅನಿಸಲ್ಲ. ಸಂಜೆ ಏಳಕ್ಕೆ ಎಲ್ಲಿರುತ್ತೀರಿ, ಯಾರ ಜೊತೆ ಇರುತ್ತೀರಿ? ಅದನ್ನು ಮೊದಲು ಹೇಳಿ.

ನಾವು ಫ್ಲಾಟನ್ನು ಬಾಡಿಗೆಗೆ ಕೊಟ್ಟು ಹನುಮಂತನಗರದ ಪಕ್ಕದ ಶ್ರೀನಗರಕ್ಕೆ ಬಂದೆವು, ಮತ್ತೆ ಬಾಡಿಗೆ ಮನೆಗೆ. ಅಲ್ಲಿಂದ ಬರೋ ಬಾಡಿಗೆ ಇಎಂಐನ ಅರ್ಧಕ್ಕೂ ಸಾಲದು. ನೆಂಟರು ನಗುತ್ತಾರೆ, ನಗಲಿ.

ಇಷ್ಟಾದರೂ ಕೊಳ್ಳಲೇಬೇಕು ಅಂದರೆ, ಟೋಕನ್ ಹಣ ಕೊಡೋ ಮುಂಚೆ ಸೋಮವಾರ ಎಂಟೂವರೆಗೆ ಆ ಗೇಟಿನಿಂದ ಹೊರಟು ಆಫೀಸಿಗೆ ಹೋಗಿ. ಸಂಜೆ ಅದೇ ದಾರೀಲಿ ವಾಪಸ್ ಬನ್ನಿ. ಮಳೆ ಬರ್ತಿದ್ದರೆ ಇನ್ನೂ ಒಳ್ಳೇದು.